ಉಗುರಿಗೆ ಸಿಕ್ಕ ಗೆರೆ

ಆ ಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅನ್ನ ಮಾಡುತ್ತಿದ್ದವನು ಅಪ್ಪ. ಮಗಳಿಗೆ ಒಂಬತ್ತು ತುಂಬಿದ ವರ್ಷ ತಾಯಿ ತೀರಿಕೊಂಡಳು. ಅದಾದ ಮೂರನೇ ವಾರ ಅವನು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಪಾಳಿ ಮುಗಿಸಿ ಬಂದು, ಕೈಗಂಟಿದ ಎಣ್ಣೆಯನ್ನು ಎರಡೆರಡು ಸಲ ಸೋಪು ಹಾಕಿ ತೊಳೆದು, ಒಲೆ ಹಚ್ಚಿದ. ಮೊದಲ ದಿನ ಅನ್ನ ಗಂಜಿಯಾಯಿತು, ಎರಡನೆಯ ದಿನ ಸೀದುಹೋಯಿತು. ಮೂರನೆಯ ದಿನದಿಂದ ಈಚೆಗೆ ಒಮ್ಮೆಯೂ ಹದ ತಪ್ಪಿದ್ದು ಮಗಳಿಗೆ ನೆನಪಿಲ್ಲ.

ಅಂಥವನ ಕಣ್ಣು ಈಗೊಂದು ವರ್ಷದಿಂದ ಮಂಜಾಗುತ್ತಿತ್ತು. ಕಣ್ಣಿನ ನರ ಒಣಗುತ್ತಿದೆ, ಉಳಿದದ್ದನ್ನು ಉಳಿಸಬಹುದು, ಹೋದದ್ದು ಮರಳುವುದಿಲ್ಲ ಎಂದು ವೈದ್ಯರು ಸುತ್ತಿಬಳಸದೆ ಹೇಳಿದ್ದರು. ಹಗಲ ಬೆಳಕಿನಲ್ಲಿ ಗ್ಯಾಸಿನ ನೀಲಿ ಉರಿ ಅವನಿಗೆ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಾತ್ರೆ ಹಿಡಿಯುವ ಬಟ್ಟೆಗೆ ಬೆಂಕಿ ತಗುಲಿತು. ಸುಟ್ಟದ್ದು ಬಟ್ಟೆ ಮತ್ತು ಕಿರುಬೆರಳಿನ ತುದಿ ಅಷ್ಟೇ. ಆದರೆ ಚಿಕ್ಕಮ್ಮ ಅವತ್ತೇ ಗ್ಯಾಸ್ ಬಂದ್ ಮಾಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ತೀರಿಕೊಂಡವಳ ತಂಗಿ ಅವಳು. ಮೂವತ್ತು ವರ್ಷ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು, ನಿವೃತ್ತಿಯ ನಂತರ ಇವರ ಜೊತೆಗೇ ಇದ್ದಳು. ಅವಳ ಮಾತು ರಬ್ಬರ್ ಸ್ಟಾಂಪಿನ ಹಾಗೆ. ಬಿದ್ದರೆ ಬಿತ್ತು.

“ಸಾಕು ಭಾವ. ಒಂದನೇ ತಾರೀಖಿಂದ ಅಡುಗೆಯವಳು ಬರ್ತಾಳೆ, ಹೇಳಿ ಆಗಿದೆ. ನೀವು ಆರಾಮಾಗಿ ಕೂತ್ಕೊಂಡು ರೇಡಿಯೋ ಕೇಳಿ.”

ಅವತ್ತಿನಿಂದ ಅಪ್ಪ ಕೂರುವ ಭಂಗಿಯೇ ಬದಲಾಯಿತು. ಆಸ್ಪತ್ರೆಯಲ್ಲಿ ಸರದಿಗೆ ಕಾದವರಂತೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ. ಊಟ ಆಯಿತೇ ಎಂದು ಮಗಳನ್ನು ಕೇಳುವುದನ್ನೂ ಬಿಟ್ಟ.

ಮಗಳು ಇದನ್ನು ಗಮನಿಸಿದಳು. ಗಮನಿಸುವುದೇ ಅವಳ ಕಸುಬು. ಬೇರೆಬೇರೆ ಕಾರ್ಖಾನೆಗಳ ಥರ್ಮಾಮೀಟರು, ತಕ್ಕಡಿ, ಅಳತೆಯ ಗಾಜುಗಳು ಸರಿಯಿವೆಯೇ ಎಂದು ಪರೀಕ್ಷಿಸಿ ಸಹಿ ಹಾಕುವ ಪ್ರಯೋಗಾಲಯದಲ್ಲಿ ಅವಳು ಕೆಲಸ ಮಾಡುತ್ತಿದ್ದಳು.

“ಒಂದನೇ ತಾರೀಖಿಗೆ ಇನ್ನೂ ಹನ್ನೆರಡು ದಿನ ಇದೆಯಲ್ಲ ಚಿಕ್ಕಮ್ಮ” ಎಂದಳು. “ಜಪಾನಿನ ರೈಸ್ ಕುಕ್ಕರ್ ತರ್ತೀನಿ. ಬೆಂಕಿ ಇಲ್ಲ, ಉರಿ ಇಲ್ಲ. ಮಿಕ್ಕಿದ್ದನ್ನ ನಾನು ಬೆಳಗ್ಗೆ ಮಾಡಿಡ್ತೀನಿ, ಅನ್ನ ಅಪ್ಪಂದು.”

“ಜಪಾನಿಂದಾ? ನಮ್ಮ ಹೆಡ್‌ಮಾಸ್ಟರ ಮಗ ಅಲ್ಲಿಂದ ಒಂದು ಹೊತ್ಕೊಂಡು ಬಂದಿದ್ದ. ಪ್ಲಗ್ ಹಾಕಿದ್ದೇ ತಡ, ಢಮ್ ಅಂತು. ಈಗ ಅದರಲ್ಲಿ ಈರುಳ್ಳಿ ತುಂಬಿಟ್ಟಿದಾರೆ.”

“ಅಲ್ಲಿ ಮನೆಗೆ ಬರೋದು ನೂರೇ ವೋಲ್ಟು. ಇಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ. ಇಲ್ಲಿಗೆ ಅಂತಲೇ ಮಾಡಿದ್ದೂ ಸಿಗುತ್ತೆ, ತಳದ ಚೀಟಿ ಓದಿ ತಗೋಬೇಕು.”

“ಓದಮ್ಮ, ಓದು. ಮೂರು ಹೊತ್ತೂ ಓದು. ನೀನು ಓದಿದೆ ಅಂತ ಒಂದನೇ ತಾರೀಖು ನಿಂತ್ಕೊಳ್ಳಲ್ಲ.”

ಮಗಳು ಓದಿದಳು. ಐದು ಕುಕ್ಕರುಗಳನ್ನು ಆರಿಸಿ ಪಟ್ಟಿ ಮಾಡಿದಳು: ವೋಲ್ಟೇಜು, ಒಳಪಾತ್ರೆಯ ದಪ್ಪ, ಶಾಖ ಬರುವುದು ತಳದಿಂದಲೋ ಸುತ್ತಲಿಂದಲೋ, ಉದ್ದನೆಯ ಅಕ್ಕಿಗೆ ಹೊಂದುತ್ತದೆಯೋ, ಹೀಗೆ ಹತ್ತೊಂಬತ್ತು ಕಾಲಂ. ಪ್ರತಿಯೊಂದಕ್ಕೂ ಅಂಕ. ಒಂದು ಕುಕ್ಕರು ಉಳಿದವನ್ನೆಲ್ಲ ಹಿಂದಿಕ್ಕಿ ಮೇಲೆ ನಿಂತಿತು. ಭಾನುವಾರ ಅಪ್ಪನ ತೋಳು ಹಿಡಿದುಕೊಂಡು ಅಂಗಡಿಗೆ ಹೊರಟಳು.

ಅಂಗಡಿಯಾತ ಟೈ ಕಟ್ಟಿದ್ದ, ಮಾತಿನ ಮಲ್ಲ. ಪಟ್ಟಿಯಲ್ಲಿ ಮೊದಲು ಬಂದದ್ದನ್ನೇ ತಂದು ಮುಂದಿಟ್ಟ. ಕನ್ನಡಿಯಂಥ ನುಣುಪು ಮುಚ್ಚಳ, ಗುಂಡಿಯೆಂಬುದೇ ಇಲ್ಲ. ಸವರಿದರೆ ಅಂಕಿಗಳು ಬೆಳಗುತ್ತಿದ್ದವು.

ಅಪ್ಪ ಅದರ ಮೇಲೆ ಅಂಗೈ ಆಡಿಸಿದ. ಇನ್ನೊಮ್ಮೆ ಆಡಿಸಿದ. ಯಂತ್ರ ಎರಡು ಸಲ ಕೀಂಯ್‌ಗುಟ್ಟಿತು.

“ಇದರ ಮೂಗೆಲ್ಲಿ, ಬಾಯೆಲ್ಲಿ ಮಗಳೇ?”

ಅವಳ ಮುಖ ಬಿಸಿಯಾಯಿತು. ಹತ್ತೊಂಬತ್ತು ಕಾಲಮ್ಮಿನಲ್ಲಿ ಅಪ್ಪನ ಬೆರಳಿಗೆ ಒಂದೂ ಇರಲಿಲ್ಲ. ಅಳೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು, ಅಳೆಯಬೇಕಾದದ್ದನ್ನೇ ಬಿಟ್ಟಿದ್ದಳು. ಪಟ್ಟಿಯನ್ನು ಮಡಚಿ ಚೀಲಕ್ಕೆ ತುರುಕಿ, “ಗುಂಡಿ ಇರೋವನ್ನ ತೋರಿಸಿ” ಎಂದಳು.

ಉಳಿದ ನಾಲ್ಕೂ ಬಂದವು. ಅವುಗಳಲ್ಲಿ ಎರಡಕ್ಕೆ ಶುರು ಮಾಡುವ ಗುಂಡಿಯ ಮೇಲೆ ಉಬ್ಬಿದ ಚುಕ್ಕೆ, ನಿಲ್ಲಿಸುವುದರ ಮೇಲೆ ಉಬ್ಬಿದ ಅಡ್ಡಗೀಟು ಇದ್ದವು. ಅಪ್ಪ ಅವನ್ನು ಒಂದೇ ಸಲ ಸವರಿ ಗುರುತು ಹಿಡಿದ.

“ಅನ್ನ ಆಯ್ತು ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ?”

“ನೀರು ಇರೋ ತನಕ ಪಾತ್ರೆ ನೂರು ಡಿಗ್ರಿಯ ಆಸುಪಾಸಲ್ಲೇ ಇರುತ್ತಪ್ಪ. ಅಕ್ಕಿ ನೀರನ್ನೆಲ್ಲ ಕುಡಿದ್ಮೇಲೆ ತಳದ ಬಿಸಿ ಏರುತ್ತೆ. ತಳಕ್ಕೆ ಅಂಟಿಕೊಂಡಿರೋ ಸಣ್ಣ ಬಿಲ್ಲೆಗೆ ಅದು ಗೊತ್ತಾಗುತ್ತೆ.”

“ಅಂದ್ರೆ ಇದಕ್ಕೂ ಕಣ್ಣಿಲ್ಲ. ಮುಟ್ಟಿ ತಿಳ್ಕೊಳ್ಳುತ್ತೆ ಅನ್ನು.” ಎಷ್ಟೋ ದಿನಗಳ ಮೇಲೆ ಅವನು ನಕ್ಕ. “ನಮ್ಮ ಪೈಕೀನೇ.”

“ಒಂದೇ ತೊಂದರೆ ಅಂಕಲ್” ಎಂದ ಅಂಗಡಿಯಾತ. “ಒಳಗೆ ನೀರಿನ ಗೆರೆ ಇರುತ್ತೆ. ಅದನ್ನ ಮಾತ್ರ ಯಾರಾದ್ರೂ ನೋಡಿ ಹೇಳ್ಬೇಕು.”

“ಒಳಗಿನ ಪಾತ್ರೆಗಳನ್ನ ಸಾಲಾಗಿ ಇಡಪ್ಪ.”

ಅಪ್ಪ ಹೆಬ್ಬೆರಳಿನ ಉಗುರನ್ನು ಮೊದಲನೆಯದರ ಒಳಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದ.

“ಅಯ್ಯೋ ಅಂಕಲ್, ಲೇಪನ! ಗೀರಾಗುತ್ತೆ!”

“ಗೀರಲ್ಲಪ್ಪ. ಕೇಳ್ತೀನಿ ಅಷ್ಟೇ.” ಎರಡನೆಯದು, ಮೂರನೆಯದು. “ಇವು ಬರೀ ಬಣ್ಣದ ಅಚ್ಚು.” ನಾಲ್ಕನೆಯದರಲ್ಲಿ ಉಗುರು ಒಂದು ಕಡೆ ತಡೆಯಿತು. ಅವನು ಕತ್ತು ಓರೆ ಮಾಡಿ ಇನ್ನೂ ಹಗುರವಾಗಿ ಎಳೆದ. “ಇದು ಒತ್ತಿ ಮಾಡಿದ್ದು. ಒಂದು... ಎರಡು... ಮೂರು... ಐದರ ತನಕ ಇದೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ತಗ್ಗಿರಬಹುದು, ಹೆಚ್ಚಿಲ್ಲ.”

ಅಂಗಡಿಯಾತ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿ ನೋಡಿದ. “ಹೌದಲ್ಲ! ಏಳು ವರ್ಷದಿಂದ ಮಾರ್ತಿದೀನಿ, ನನಗೇ ಗೊತ್ತಿರ್ಲಿಲ್ಲ.”

“ಕಾರ್ಖಾನೇಲಿ ಇವರನ್ನ ಉಗುರು ಮೇಸ್ತ್ರಿ ಅಂತಿದ್ರು” ಎಂದಳು ಮಗಳು. ಅಗತ್ಯಕ್ಕಿಂತ ಜೋರಾಗಿಯೇ ಹೇಳಿದಳು. ಬಟ್ಟೆ ತೊಳೆಯುವ ಯಂತ್ರಗಳ ಬಳಿ ನಿಂತಿದ್ದ ದಂಪತಿ ತಿರುಗಿ ನೋಡಿದರು. “ಇವರು ಉಗುರು ಎಳೆದು ಸರಿ ಅನ್ನದೆ ಒಂದು ಬಿಡಿಭಾಗಾನೂ ಹೊರಗೆ ಹೋಗ್ತಿರ್ಲಿಲ್ಲ.”

ಗುಂಡಿಯ ಮೇಲೆ ಚುಕ್ಕೆಯೂ ಇದ್ದ ಅದೇ ಕುಕ್ಕರು, ಅವಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದ್ದು, ಮನೆಗೆ ಬಂತು.

ಎಲ್ಲ ಸುಸೂತ್ರ ಎಂದುಕೊಂಡರೆ, ಮೊದಲ ದಿನವೇ ಎಡವಟ್ಟು. ಅವಸರದಲ್ಲಿದ್ದ ಮಗಳು ತಾನೇ ಮೂರು ಅಳತೆ ಅಕ್ಕಿ ತೊಳೆದು ಹಾಕಿಕೊಟ್ಟಳು. ಅಪ್ಪ ಉಗುರಿನಿಂದ ಎಣಿಸಿ ಮೂರನೆಯ ಗೆರೆಯ ಮೇಲೆ ಬೆರಳಿಟ್ಟು, ಅದಕ್ಕೆ ತಾಗುವವರೆಗೆ ನೀರು ಹಾಕಿದ. ಯಂತ್ರ ರಾಗ ಹಾಡಿ ಶುರುವಾಯಿತು, ಬೇರೊಂದು ರಾಗ ಹಾಡಿ ಮುಗಿಸಿತು. ಚಿಕ್ಕಮ್ಮ ಒಂದು ಅಗುಳನ್ನು ಹಲ್ಲಿನ ನಡುವೆ ಇಟ್ಟು ಕಟಕ್ ಎನಿಸಿದಳು.

“ಜಪಾನಿನೋರ ಹಲ್ಲು ಬಲು ಗಟ್ಟಿ ಇರ್ಬೇಕು.”

ಅಪ್ಪ ನಗಲಿಲ್ಲ. ಹೆಬ್ಬೆರಳನ್ನು ತೋರುಬೆರಳಿನಿಂದ ಉಜ್ಜುತ್ತಾ ನಿಂತ. “ನನ್ನ ಉಗುರೇ ತಪ್ಪಿರ್ಬೇಕು” ಎಂದು ಮೆಲ್ಲಗೆ ಹೇಳಿದ. ಕಣ್ಣಿನ ಬಗ್ಗೆ ವೈದ್ಯರು ಹೇಳಿದಾಗಲೂ ಅವನ ದನಿ ಹೀಗೆ ಕುಗ್ಗಿರಲಿಲ್ಲ.

ಮಗಳು ಪಾತ್ರೆ ತೊಳೆದು ಅವನ ಕೈಗಿಟ್ಟು, ಮತ್ತೊಮ್ಮೆ ಎಣಿಸಲು ಹೇಳಿದಳು. ಹೆಬ್ಬೆರಳು ನಿಂತದ್ದು ಮೂರನೆಯ ಗೆರೆಯಲ್ಲೇ. ಉಗುರು ತಪ್ಪಿರಲಿಲ್ಲ.

“ಅಪ್ಪ, ನೀನು ಸರಿಯಾಗೇ ಎಣಿಸಿದೀಯ.”

ಅಪ್ಪ ಪಾತ್ರೆಯ ಅಂಚನ್ನು ಬೆರಳಿನಿಂದ ಸುತ್ತ ಸವರಿದ. “ಡಬ್ಬದಲ್ಲಿ ಏನೇನು ಬಂದಿತ್ತು?”

“ಒಂದು ಪುಸ್ತಕ, ಚಮಚ, ಒಂದು ಪ್ಲಾಸ್ಟಿಕ್ ಲೋಟ.”

“ಅಕ್ಕಿ ಯಾವುದರಲ್ಲಿ ಅಳೆದೆ?”

ಅವಳು ಉತ್ತರಿಸುವ ಮೊದಲೇ ನಾಲಗೆ ಕಚ್ಚಿಕೊಂಡಳು. ಆಟಿಕೆಯಂತಿದ್ದ ಆ ಲೋಟವನ್ನು ನಂಬದೆ ಡಬ್ಬಕ್ಕೇ ವಾಪಸು ಹಾಕಿ, ತಾನು ಪರೀಕ್ಷಿಸಿ ಸಹಿ ಹಾಕಿದ್ದ ಇನ್ನೂರೈವತ್ತು ಮಿಲಿಲೀಟರಿನ ಅಳತೆ ಗಾಜನ್ನೇ ಬಳಸಿದ್ದಳು. ಈಗ ಲೋಟದ ತುಂಬ ನೀರು ಹಿಡಿದು ಗಾಜಿಗೆ ಸುರಿದಳು. ನೂರಾ ಎಂಬತ್ತಕ್ಕೆ ನಿಂತಿತು. ಗೆರೆಗಳನ್ನು ಎಳೆದಿದ್ದು ಈ ಲೋಟದ ಲೆಕ್ಕಕ್ಕೆ.

“ನಕ್ಷೆ ಯಾರದೋ ಅಳೆಯೋ ಗೇಜೂ ಅವರದೇ ಇರ್ಬೇಕು ಕಣೇ. ಅವರ ಗೇಜು ಬಿಸಾಕಿ ನಿಂದು ತಂದ್ರೆ?” ಅಪ್ಪನ ದನಿ ಮತ್ತೆ ಮೇಸ್ತ್ರಿಯದಾಗಿತ್ತು.

“ತಪ್ಪು ನಂದೇ ಚಿಕ್ಕಮ್ಮ” ಎಂದಳು ಮಗಳು. ಬೈಸಿಕೊಂಡದ್ದಕ್ಕೆ ಇಷ್ಟು ಹಿಗ್ಗಿದ್ದು ಅವಳಿಗೆ ಹೊಸದು. “ಸೀಲು ಹೊಡೆದ ತಪ್ಪು.”

“ನಾಳೆ ಒಂದು ದಿನ ನೋಡ್ತೀನಿ. ನಾಡಿದ್ದು ಒಂದನೇ ತಾರೀಖು” ಎಂದಳು ಚಿಕ್ಕಮ್ಮ.

ಮರುದಿನ ಮಧ್ಯಾಹ್ನ ಮಗಳು ರಜೆ ಹಾಕಿದಳು, ಆದರೆ ಅಡುಗೆಮನೆಗೆ ಕಾಲಿಡಲಿಲ್ಲ. ಊಟದ ಮೇಜಿನ ಮುಂದೆ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕುಳಿತು ಕಿವಿಗೊಟ್ಟಳು. ಲೋಟ ಅಕ್ಕಿಗಿಳಿಯಿತು, ಬೆರಳು ಅಂಚನ್ನು ಸವರಿ ಮಟ್ಟ ಮಾಡಿತು. ಮೂರು ಸಲ. ನಲ್ಲಿ ತಿರುಗಿತು, ನಿಂತಿತು. ಎಲ್ಲೋ ಲೋಟ ಟಪ್ಪೆಂದು ಬಿತ್ತು. ಚಿಕ್ಕಮ್ಮ ಅರ್ಧ ಎದ್ದಳು. ಮಗಳು ಅವಳ ಮಣಿಕಟ್ಟು ಹಿಡಿದು ಕೂರಿಸಿದಳು.

“ಬಿದ್ದದ್ದು ಲೋಟ, ಅವರಲ್ಲ.”

ಒಳಗೆ ತಡಕಾಟ, ನಂತರ ಉಗುರಿನ ಮೆಲುಸದ್ದು, ನಂತರ ನೀರಿನ ಸಣ್ಣ ಧಾರೆ. ಮುಚ್ಚಳ ಕಟ್ಟೆಂದಿತು. ರಾಗ ಬಂತು.

ಮುಕ್ಕಾಲು ಗಂಟೆಯ ಮೇಲೆ ಇನ್ನೊಂದು ರಾಗ ಬಂದಾಗ ಚಿಕ್ಕಮ್ಮ ತಟ್ಟೆ ಎಳೆದುಕೊಂಡಳು. “ಹತ್ತು ನಿಮಿಷ ಯಾರೂ ಮುಟ್ಟಬೇಡಿ” ಎಂದು ಒಳಗಿನಿಂದ ಅಪ್ಪಣೆಯಾಯಿತು. ತಟ್ಟೆ ಹಿಂದಕ್ಕೆ ಹೋಯಿತು.

ಅಪ್ಪನೇ ತಂದು ಬಡಿಸಿದ. ತಟ್ಟೆಯ ಅಂಚನ್ನು ಎಡಗೈಯಿಂದ ಹಿಡಿದು, ಚಮಚವನ್ನು ಅದರ ಗುರುತಿಗೆ ತಂದು, ಒಂದು ಅಗುಳೂ ಚೆಲ್ಲದಂತೆ. ಅಗುಳಿಗೆ ಅಗುಳು ಬೇರೆ, ಒತ್ತಿದರೆ ಬೆಣ್ಣೆ. ಚಿಕ್ಕಮ್ಮ ಚೆನ್ನಾಗಿದೆ ಎನ್ನಲಿಲ್ಲ. ಅದು ಅವಳ ಜಾಯಮಾನವಲ್ಲ. ಎರಡನೇ ತುತ್ತಿಗೇ ಎಡಗೈಯಲ್ಲಿ ಫೋನು ಎತ್ತಿಕೊಂಡಳು.

“ಹಲೋ, ನಾನಮ್ಮ. ನಾಳೆಯಿಂದ ಬರೋದು ಬೇಡ... ಇಲ್ಲ ಇಲ್ಲ, ಬೇಜಾರೇನಿಲ್ಲ. ನಮ್ಮನೇಲಿ ಅಡುಗೆಯವರು ಇದಾರೆ, ನಾನೇ ಸರಿಯಾಗಿ ನೋಡಿರ್ಲಿಲ್ಲ.”

ಮಗಳು ತಲೆ ಬಗ್ಗಿಸಿ ಊಟ ಮಾಡಿದಳು. ಅಪ್ಪ ಏನೂ ಕೇಳಿಸದವನಂತೆ ಕುರ್ಚಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತ.

“ನಾಳೆ ಊಟಕ್ಕೆ ಯಾರ್ಯಾರು ಇರ್ತೀರಿ, ಈಗ್ಲೇ ಹೇಳ್ಬಿಡಿ” ಎಂದ. “ಅಕ್ಕಿ ತೊಳೆದ್ಮೇಲೆ ಬಂದು ಒಬ್ರು ಹೆಚ್ಚು, ಇಬ್ರು ಕಮ್ಮಿ ಅಂದ್ರೆ ನಾನು ಕೇಳೋನಲ್ಲ.”