ಗೇರು ಅಂದದ್ದೇ ತಪ್ಪಾಯಿತು

ಹಣ್ಣುಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಒಂದು ಹಣ್ಣು ಶಿವನ ಮನೆಗೆ ತಡವಾಗಿ ಹೋಯಿತಂತೆ. ಮಾವು, ಪೇರಲ, ಸೀತಾಫಲ ಎಲ್ಲವೂ ಅಷ್ಟರಲ್ಲಿ ತಮ್ಮ ಕೂಸನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಹೊರಟಾಗಿತ್ತು. ಶಿವ, "ಒಳಗ ಇಡೋ ಹೊತ್ತು ಮೀರೇದವ್ವ, ಸೆರಗಿಗಿ ಕಟ್ಕೋ" ಎಂದು ಕೂಸನ್ನು ಹೊರಗೇ ಜೋತುಬಿಟ್ಟ. ಅಂದಿನಿಂದ ಮಂದಿ ಕೂಸನ್ನು ಕಿತ್ತುಕೊಂಡು ತಾಯಿಯನ್ನು ಬದುವಿಗೆ ಬಿಸಾಡುತ್ತಾರೆ. ಠಾಣಾ ಕುಶನೂರಿನ ಅಜ್ಜಿ ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. "ಮುಂದ?" ಎಂದು ಕೇಳಿದರೆ, "ಮುಂದಿಂದು ಇನ್ನಾ ನಡದಿಲ್ಲ, ಮಕ್ಕೋ" ಅನ್ನುತ್ತಿದ್ದಳು.

ಆ ಕತೆ ಕೇಳಿ ಬೆಳೆದ ಐಶ್ವರ್ಯಾ, ಮದುವೆಯಾಗಿ ಬೀದರಿನ ಚಿದ್ರಿಗೆ ಬಂದ ಮೊದಲ ಬೇಸಿಗೆಯಲ್ಲೇ ಅತ್ತೆ ಲಲಿತಾಬಾಯಿಗೆ ಮಾತು ಕೊಟ್ಟುಬಿಟ್ಟಳು. ಬಸವ ಜಯಂತಿಯ ಮೆರವಣಿಗೆ ಓಣಿಗೆ ಬಂದಾಗ ಪ್ರತಿವರ್ಷ ಆ ಮನೆಯಿಂದ ನಿಂಬೆ ಶರಬತ್ತಿನ ದಾಸೋಹ. ಈ ಸಲ ತವರಿನ ಹೊಲದಲ್ಲಿ ಸುಮ್ಮನೆ ಕೊಳೆಯುವ ಆ ಕತೆಯ ಹಣ್ಣಿನದು, ತಾನೇ ಮಾಡುತ್ತೇನೆ ಎಂದಿದ್ದಳು.

"ಆ ಹಣ್ಣು ಗಂಟಲಾ ಹಿಡಿತದಂತಲ್ಲ?" ಎಂದಿದ್ದಳು ಅತ್ತೆ.

"ಯಾರ ಗಂಟಲಾನೂ ಹಿಡಿಯಂಗಿಲ್ರಿ ಅತ್ತಿ. ಅದು ನನ್ನ ಮ್ಯಾಲ ಬಿಡ್ರಿ."

"ನಿನ್ನ ಮಾತಿನ ಮ್ಯಾಲ ನಿಂಬಿಕಾಯಿ ತರಸಂಗಿಲ್ಲ ನೋಡ. ಬಾಗಲಕ್ಕ ಬಂದ ಶರಣರು ಬರೀ ಬಾಯಿಲೆ ಹೋದ್ರ ಓಣ್ಯಾಗ ಮಾರಿ ಎತ್ತಿ ತಿರಗಾಕ ಬರಂಗಿಲ್ಲ ನನಗ."

ಜಯಂತಿಯ ದಿನ ಬೆಳಗಿನ ಬಸ್ಸಿಗೆ ಬುಟ್ಟಿಗಳು ಬಂದವು. ಕೆಂಪು, ಹಳದಿ ಹಣ್ಣು. ಒಂದೊಂದರ ತುದಿಗೂ ಹಸಿ ಬೀಜ. ಐಶ್ವರ್ಯಾ ಬೀಜಗಳನ್ನು ಸಿಪ್ಪೆ ಒಡೆಯದಂತೆ ತಿರುವಿ ತೆಗೆದು ಬೇರೆ ಪರಾತಿಗೆ ಹಾಕಿದಳು. ಹಣ್ಣು ಜಜ್ಜಿ, ಮಲ್ಮಲ್ ಬಟ್ಟೆಯಲ್ಲಿ ಕಟ್ಟಿ, ಮೊಣಕೈವರೆಗೆ ತೊಯ್ದು ಹಿಂಡಿದಳು. ಬಿಸಿಲಿಗಿಂತ ಮುಂದೆ ಓಡಬೇಕಿತ್ತು. ಹೊತ್ತು ಏರಿದರೆ ರಸ ಹುಳಿಯಾಗುತ್ತದೆ, ಇನ್ನೂ ಕಾದರೆ ಹೆಂಡದಂತೆ ಸೆರೆಯ ವಾಸನೆ ಹೊಡೆಯುತ್ತದೆ. ಬಸವಣ್ಣನ ಹೆಸರಿನ ದಿನ, ಶರಣರ ಕೈಗೆ ಸೆರೆ! ನೆನೆಸಿಕೊಂಡು ಅವಳು ಇನ್ನೂ ಜೋರಾಗಿ ಹಿಂಡಿದಳು.

ರಸಕ್ಕೆ ಅಜ್ಜಿ ಹಾಕುತ್ತಿದ್ದಂತೆಯೇ ತಿಳಿ ಗಂಜಿ ಬೆರೆಸಿ ಮುಚ್ಚಿಟ್ಟಳು. ಗಂಟಲು ಕೆರೆಯುವ ಒಗರನ್ನೆಲ್ಲ ಗಂಜಿ ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಆಮೇಲೆ ಮೇಲಿನ ತಿಳಿ ಬಗ್ಗಿಸಿ ಬೆಲ್ಲ, ಏಲಕ್ಕಿ ಹಾಕಿದರಾಯಿತು. ಅಲ್ಲಿಯವರೆಗೆ ಪಾತ್ರೆ ಅಲುಗಾಡಬಾರದು. ಕಾಯುವ ಹೊತ್ತಿನಲ್ಲಿ ಒಂದು ರಟ್ಟಿನ ಮೇಲೆ, ಶಾಲೆಯ ಪುಸ್ತಕದಲ್ಲಿ ಓದಿದ್ದಂತೆ, "ಗೇರುಹಣ್ಣಿನ ಶರಬತ್ತು" ಎಂದು ದುಂಡಗೆ ಬರೆದು ಬಾಗಿಲಿಗೆ ತೂಗುಹಾಕಿದಳು.

ಓಣಿಯ ಆ ತುದಿಯಲ್ಲಿ ಮೆರವಣಿಗೆಯ ಹಲಗೆ ಸದ್ದು ಕೇಳುವುದಕ್ಕೂ, ಹಿತ್ತಲಲ್ಲಿ ಮೈದುನ ಬಸವಕಿರಣ ಚೀರುವುದಕ್ಕೂ ಸರಿಹೋಯಿತು.

"ಅವ್ವಾ! ಬಾಯಿ ಉರಿಲತ್ತದ!"

ಅವನ ಕೆಳತುಟಿ ಬದನೆಕಾಯಿಯಂತೆ ಊದುತ್ತಿತ್ತು. ಪಕ್ಕದ ಮನೆಯ ಖುರ್ಷಿದ ಬೇಗಂ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದೇ ಓಡಿ ಬಂದಳು. ಬಾಗಿಲಲ್ಲಿ ರಟ್ಟು ಓದಿಕೊಂಡೇ ಬಂದಿದ್ದಳು.

"ಲಲಿತಾಬಾಯಿ, ಹೋಶ್ ಅದ ಏನ್ ನಿಮಗ? ಗೇರು ಕುಡಸ್ತೀರಿ ಮಂದಿಗಿ? ಧೋಬಿ ಅರಬಿಗಿ ಗುರ್ತು ಹಾಕ್ತಾನಲ್ಲ, ಅದೇ ಗೇರು! ಗಿಡದ ಕೆಳಗ ಹೋದ್ರ ಮಾರಿ ಉಬ್ಬತದ!"

ಆ ಸೀಮೆಯಲ್ಲಿ ಗೇರು ಅಂದರೆ ಒಂದೇ: ಮುಟ್ಟಿದರೆ ಮೈ ಬೊಬ್ಬೆ ಏಳುವ ಕರಿ ಬೀಜದ ಕಾಡುಗಿಡ. ಪುಸ್ತಕದ ಗೇರು ಚಿದ್ರಿಯ ಗೇರಲ್ಲ ಎಂಬುದು ಬರೆಯುವಾಗ ಐಶ್ವರ್ಯಾಳಿಗೆ ಹೊಳೆದೇ ಇರಲಿಲ್ಲ.

ಲಲಿತಾಬಾಯಿ ಮುಂದೆ ನುಗ್ಗಿದಳು. "ಚೆಲ್ಲ ಅದು. ಈಗ ಚೆಲ್ಲ!" ಎಂದವಳೇ ಪಾತ್ರೆಯ ಕಂಠಕ್ಕೆ ಕೈ ಹಾಕಿದಳು.

"ಅಳ್ಳಾಡಸಬ್ಯಾಡ್ರಿ!" ಐಶ್ವರ್ಯಾ ಪಾತ್ರೆಯನ್ನು ತಬ್ಬಿಯೇ ಬಿಟ್ಟಳು. "ಅತ್ತಿ, ನಿಮ್ಮ ಕಾಲ್ ಬೀಳ್ತೇನ್ರಿ, ಇದು ಆ ಗೇರಲ್ಲ. ಕಾಜೂ ಗಿಡದ ಹಣ್ಣ್ರಿ!"

"ಹಂಗಾದ್ರ ಇವನ ತುಟಿ?"

ಮೆರವಣಿಗೆ ಓಣಿಯ ಬಾಯಿ ಕಟ್ಟಿತ್ತು. ನಿಂಬೆ ತರಲೂ ಯಾರೂ ಹೊರಬೀಳುವಂತಿರಲಿಲ್ಲ. ಐಶ್ವರ್ಯಾ ಸೌಟಿನಿಂದ ಮೇಲಿನ ತಿಳಿಯನ್ನೇ ಒಂದು ಗಲಾಸಿಗೆ ಬಗ್ಗಿಸಿ ಗಟಗಟ ಕುಡಿದು ನಿಂತಳು.

"ಏನಾತು ಅದರಿಂದ? ಗೇರು ತಾಗಿದ್ರ ತಡಾ ಮಾಡಿ ಉಬ್ಬತದ," ಎಂದಳು ಅತ್ತೆ. "ಸಂಜಿಕಿ ನಿನ್ನ ಮಾರಿ, ಶರಣರ ಮಾರಿ ಎಲ್ಲಾ ಒಂದೇ ಆಗ್ತಾವ."

ಖುರ್ಷಿದ ಬೇಗಂ ಅಷ್ಟರಲ್ಲಿ ಐಶ್ವರ್ಯಾಳ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಬೆರಳ ಸಂದಿ ನೋಡಿದಳು, ಮೊಣಕೈ ನೋಡಿದಳು.

"ಬೇಟಿ, ಯಾವಾಗಿಂದ ಹಿಂಡಲತ್ತೀದಿ?"

"ಮುಂಜಾನಿಂದ್ರಿ."

"ಗೇರು ಇದ್ರ ಈ ಕೈ ಇಷ್ಟೊತ್ತಿಗಿ ಪಪ್ಪಾಯಿ ಆಗ್ತಿತ್ತು, ಲಲಿತಾಬಾಯಿ. ಒಂದ್ ದಾಣಾ, ಒಂದ್ ಗುಳ್ಳಿ ಎದ್ದಿಲ್ಲ ನೋಡ್ರಿ." ಆಮೇಲೆ ಕಿರಣನ ಕಡೆ ಹೊರಳಿದಳು. "ಏ ಶಾಣ್ಯಾ, ಖರೇ ಹೇಳ. ಏನ್ ತಿಂದಿ?"

ಕಿರಣ ಅತ್ತಿಗೆಯ ಮುಖ ನೋಡಿ ಪರಾತಿನ ಕಡೆ ಕೈಮಾಡಿದ. "ಕಾಜು ಪುಕ್ಕಟೆ ಸಿಕ್ಕಾವಂತ... ಹಲ್ಲಿಲೆ ಒಡದೆ, ವೈನಿ."

"ಹಸೀ ಬೀಜದ ಸಿಪ್ಪ್ಯಾಗ ಬೆಂಕಿ ಇರ್ತದೋ, ಹುರಿದ ಮ್ಯಾಲೇ ಒಡೀಬೇಕು," ಎಂದಳು ಐಶ್ವರ್ಯಾ, ಅಳುವೋ ನಗುವೋ ತಿಳಿಯದ ದನಿಯಲ್ಲಿ.

ಲಲಿತಾಬಾಯಿ ಸೊಸೆಯ ಕೈಗಳನ್ನು ತಾನೂ ಒಮ್ಮೆ ನೋಡಿದಳು. "ಕಾಜೂ ಹಣ್ಣಂತ ಬರದಿದ್ರ ಏನಾಗ್ತಿತ್ತ ನಿನಗ? ಸಾಲಿ ಕನ್ನಡ ತಂದು ಬಾಗಲಕ್ಕ ಕಟ್ಟೀದಿ!"

ಖುರ್ಷಿದ ಬೇಗಂ ಹೋಗಿ ರಟ್ಟು ಕಿತ್ತಳು. ಐಶ್ವರ್ಯಾ ಉಸಿರು ಬಿಗಿಹಿಡಿದು ತಿಳಿಯನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಂಡಳು. ತಳದ ಬಿಳಿ ಗಸಿ ಅಲುಗಲಿಲ್ಲ. ಬೆಲ್ಲ, ಏಲಕ್ಕಿ, ಚೂರು ಉಪ್ಪು. ಹುಳಿ ವಾಸನೆ ಇಲ್ಲ. ಲಲಿತಾಬಾಯಿ ಮೊದಲ ಗಲಾಸು ತಾನೇ ಎತ್ತಿ, ಕಣ್ಣು ಮುಚ್ಚಿ ಒಂದು ಗುಟುಕು ನುಂಗಿದಳು. ಕೆಮ್ಮು ಬರುತ್ತದೆಂದು ಸೊಸೆ ಅವಳ ಕೊರಳನ್ನೇ ನೋಡುತ್ತ ನಿಂತಳು.

ಕೆಮ್ಮು ಬರಲಿಲ್ಲ. ಅತ್ತೆ ಇನ್ನೊಂದು ಗುಟುಕು ಎಳೆದಳು.

"ನಿಂತೇನ್ ನೋಡ್ತಿ? ಗಲಾಸ ತಾ! ಬಾಗಲಕ್ಕ ಬಂದಾರ!"

ವಚನ ಹಾಡುತ್ತ ಮುಂದೆ ಬರುತ್ತಿದ್ದ ಹೆಂಗಸು ದನಿ ಬತ್ತಿ ನಿಂತಿದ್ದಳು. ಗಲಾಸು ಇಸಿದುಕೊಂಡು ಒಂದೇ ಉಸಿರಿಗೆ ಮುಗಿಸಿದಳು. ಐಶ್ವರ್ಯಾ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಹೆಂಗಸು ಸೆರಗಿನಿಂದ ಬಾಯೊರೆಸಿಕೊಂಡು, ಬಿಟ್ಟ ಸಾಲನ್ನು ಮೇಲಿನ ದನಿಯಲ್ಲೇ ಎತ್ತಿಕೊಂಡಳು. ಗಂಟಲು ಎಲ್ಲೂ ಹಿಡಿಯಲಿಲ್ಲ. ಹಿಂದಿನವರು ಕೈ ಚಾಚಿದರು. ಅತ್ತೆ ಗಲಾಸು ಹಿಡಿದಂತೆ ಸೊಸೆ ಸುರಿಯುತ್ತ ಹೋದಳು, ಸೌಟು ಪಾತ್ರೆಯ ತಳ ಕೆರೆಯುವವರೆಗೆ.