ಕೊಕ್ಕರೆಯ ಖಾಲಿ ಗುಟುಕು

ಆ ಗಾಜಿನ ಸಾಧನಕ್ಕೆ ಪುಸ್ತಕದಲ್ಲಿ ಯಾರೋ ದೊಡ್ಡ ಮನುಷ್ಯನ ಹೆಸರಿತ್ತು. ಬಡಾವಣೆಯ ಹೆಂಗಸರು ಒಂದೇ ದಿನದಲ್ಲಿ ಆ ಹೆಸರನ್ನು ಕಿತ್ತುಹಾಕಿ ‘ಕೊಕ್ಕರೆ’ ಎಂದು ಕರೆದರು. ಅದರ ಪಕ್ಕೆಯಲ್ಲಿ ಕತ್ತು ಬಾಗಿಸಿಕೊಂಡು ನಿಂತ ಸಣ್ಣ ನಳಿಗೆಯನ್ನು ನೋಡಿದವರು ಬೇರೆ ಹೆಸರಿಡಲಾರರು. ಕೆಳಗಿನ ಬುರುಡೆಯಲ್ಲಿ ದ್ರಾವಕ ಕುದಿಯುತ್ತದೆ. ಆವಿ ಮೇಲೇರಿ, ತಣ್ಣೀರು ಸುತ್ತುವ ಕೊಳವೆಗೆ ತಾಗಿ, ಹನಿಹನಿಯಾಗಿ ನಡುವಿನ ಕಾಗದದ ಬಟ್ಟಲಿಗೆ ಬೀಳುತ್ತದೆ. ಬಟ್ಟಲಲ್ಲಿ ಮನೆಯ ಧೂಳು. ಧೂಳಿನಲ್ಲಿ ಅಡಗಿ ಕೂತದ್ದನ್ನು ಕರಗಿಸಿಕೊಂಡ ದ್ರಾವಕ ಕತ್ತಿನ ಬಾಗಿನವರೆಗೆ ತುಂಬಿದೊಡನೆ ‘ಗುಳುಕ್’ ಎಂದು ಒಂದೇ ಗುಟುಕಿಗೆ ಕೆಳಗಿಳಿಯುತ್ತದೆ. ಮತ್ತೆ ಕುದಿ, ಮತ್ತೆ ಹನಿ, ಮತ್ತೆ ಗುಟುಕು. ಬೆಳಗಿನಿಂದ ಸಂಜೆಯವರೆಗೆ ಅದಕ್ಕೆ ಬೇಸರವೆಂಬುದಿಲ್ಲ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೊಕ್ಕರೆಯ ವಾಸ. ಬಾಗಿಲ ಮೇಲೆ ಪ್ಲಾಸ್ಟಿಕ್ ಹಾಸು ಕಾರ್ಖಾನೆ ಕೆಲಸಗಾರರ ಸಂಘದ ಬೋರ್ಡು. ನಡೆಸುವವಳು ರಸಾಯನಶಾಸ್ತ್ರ ಓದಿ ಬಂದು ಎಲ್ಲರ ಬಾಯಲ್ಲಿ ‘ಗಾಜಕ್ಕ’ ಆದವಳು. ಅವಳ ಅಮ್ಮ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹಾಸುಗಳನ್ನು ಉರುಳೆಗೆ ಕೊಡುತ್ತಿದ್ದವಳು. ಉಸಿರು ಕಟ್ಟತೊಡಗಿದ ಮೇಲೆ ಗೇಟಿನಾಚೆ ಬಿದ್ದವಳು. ಕಾರ್ಖಾನೆಯ ಡಾಕ್ಟರು ಚೀಟಿಯ ಮೇಲೆ ‘ಮನೆಯ ಧೂಳಿನಿಂದ ಬಂದ ಉಬ್ಬಸ’ ಎಂದು ಗೀಚಿದ್ದ. ಆಮೇಲೆ ಕೆಮ್ಮಿದ ಹೆಂಗಸರಿಗೆಲ್ಲ ಅದೇ ಸಾಲು. ಅಂದರೆ ತಪ್ಪು ಕಾರ್ಖಾನೆಯದಲ್ಲ, ಪೊರಕೆಯದು! ಎದೆ ಹಿಂಡಿದ್ದು ಕಾರ್ಖಾನೆ, ಕೊಳಕಿಯರೆಂದು ಬೈಸಿಕೊಂಡವರು ಹೆಂಗಸರು. ಸರಿ, ಆ ಧೂಳೇ ಬಾಯಿ ಬಿಡಲಿ ಎಂದು ಸಂಘ ಕೊಕ್ಕರೆಯನ್ನು ತಂದು ನಿಲ್ಲಿಸಿತ್ತು. ಪ್ಲಾಸ್ಟಿಕ್ ಮೆತ್ತಗಾಗಲೆಂದು ಕಾರ್ಖಾನೆ ಬೆರೆಸುವ ಎಣ್ಣೆ ಕೆಲಸದ ಬಟ್ಟೆಗೆ ಅಂಟಿ ಮನೆಯ ಧೂಳಿಗೂ ಇಳಿದಿದೆಯೋ ಎಂಬುದಷ್ಟೇ ಪ್ರಶ್ನೆ.

ಕೊಕ್ಕರೆ ಕುಡಿದಿಟ್ಟದ್ದನ್ನು ಅಳೆಯುವ ಹಳೆಯ ಯಂತ್ರವೊಂದು ಪಕ್ಕದ ಕೋಣೆಯಲ್ಲಿತ್ತು. ಎಣ್ಣೆ ಸಿಕ್ಕರೆ ಅದರ ಪರದೆಯ ಗೆರೆ ಗುಡ್ಡವಾಗಿ ಏಳುತ್ತದೆ. ಸಂಘದ ಮನೆಗಳ ಧೂಳಿಗೆ ಎದ್ದದ್ದು ಗುಡ್ಡವಲ್ಲ, ಪರ್ವತ. ಕಾರ್ಖಾನೆಗೆ ಯಾರೂ ಹೋಗದ ಬೀದಿಯ ಧೂಳಿಗಿಂತ ಹತ್ತು ಪಟ್ಟು! ಸಂಘದ ಅಧ್ಯಕ್ಷೆ, ಗಾಜಕ್ಕನ ಚಿಕ್ಕಮ್ಮ, ಅಂದೇ ಬಟ್ಟೆ ಹಾಸಿ ಕೆಂಪು ಬಣ್ಣದಲ್ಲಿ ‘ಹತ್ತು ಪಟ್ಟು’ ಎಂದು ಬರೆದುಬಿಟ್ಟಳು. ಮುಂದಿನ ವಾರವೇ ಇಲಾಖೆಯ ವಿಚಾರಣೆ.

ಕಾಗದಪತ್ರ ಜೋಡಿಸುವಾಗ ಗಾಜಕ್ಕನಿಗೆ ಮನಸ್ಸು ಕೊರೆಯಿತು. ಧೂಳೇ ಹಾಕದೆ, ಬರೀ ಬಟ್ಟಲಿಟ್ಟು ಕೊಕ್ಕರೆಯನ್ನು ಓಡಿಸುವ ಖಾಲಿ ಪರೀಕ್ಷೆಯೊಂದಿದೆ. ನಮ್ಮ ಕೈಯ ಕೊಳೆ ನಮ್ಮ ಲೆಕ್ಕಕ್ಕೆ ಸೇರಿಲ್ಲ ಎಂಬುದಕ್ಕೆ ಅದೇ ಆಧಾರ. ಪರಬೀದಿಯ ಧೂಳನ್ನು ನೋಡುವಾಗ ಮಾಡಿದ್ದಳು, ಶುದ್ಧವಾಗಿತ್ತು. ಆಮೇಲೆ ಗೆಲುವಿನ ಗುಂಗಿನಲ್ಲಿ ಮಾಡಿರಲಿಲ್ಲ.

ಈಗ ಮಾಡಿದಳು. ಖಾಲಿ ಬಟ್ಟಲು ತೊಳೆದ ದ್ರಾವಕ ಯಂತ್ರಕ್ಕೆ ಹೋಯಿತು. ಗೆರೆ ನೆಟ್ಟಗೆ ಮಲಗಬೇಕಿತ್ತು. ಮಲಗಲಿಲ್ಲ. ಗುಡ್ಡ ಎದ್ದಿತು.

ಗಾಜಕ್ಕ ಮೊದಲಿಂದ ಹುಡುಕಿದಳು. ದ್ರಾವಕ ಬದಲಿಸಿದಳು, ಗಾಜನ್ನು ಒಲೆಯಲ್ಲಿ ಕಾಯಿಸಿದಳು, ಹೊಸ ಕಾಗದದ ಬಟ್ಟಲು ತೆಗೆದಳು. ಗುಡ್ಡ ಅಲ್ಲೇ. ಕೊನೆಗೆ ತನ್ನ ಕೈಗಳನ್ನೇ ದಿಟ್ಟಿಸಿದಳು. ನೀಲಿ ಕೈಗವಸು. ‘ನಮ್ಮ ಗಾಜಕ್ಕನ ಕೈಗೆ ಆ ವಿಷ ತಾಗಬಾರದು’ ಎಂದು ಪರಬೀದಿಯ ಪರೀಕ್ಷೆ ಮುಗಿದ ಮೇಲೆ ಸಂಘದ ಹೆಂಗಸರು ಡಬ್ಬಿಗಟ್ಟಲೆ ತಂದು, ಚಪ್ಪಾಳೆ ಹೊಡೆದು ತೊಡಿಸಿದ್ದು. ಬೆರಳ ತುದಿಯೊಂದನ್ನು ಕತ್ತರಿಸಿ ಕೊಕ್ಕರೆಯ ಬಟ್ಟಲಿಗೆ ಹಾಕಿದಳು. ಗುಡ್ಡ ಪರದೆಯ ನೆತ್ತಿ ದಾಟಿ ಹೋಯಿತು. ಕೈಗವಸೂ ಮೆತ್ತನೆಯ ಪ್ಲಾಸ್ಟಿಕ್ಕು, ಅದರೊಳಗೂ ಅದೇ ಜಾತಿಯ ಎಣ್ಣೆ.

“ಹತ್ತು ಪಟ್ಟು ಸುಳ್ಳು, ಚಿಕ್ಕಮ್ಮ,” ಎಂದಳು.

ಚಿಕ್ಕಮ್ಮ ಬಾಗಿಲಿಗೆ ಅಗುಳಿ ಹಾಕಿದಳು. “ಮೆಲ್ಲಗೆ ಮಾತಾಡೇ. ಧೂಳಲ್ಲಿ ಎಣ್ಣೆ ಇಲ್ವೇ ಇಲ್ವಾ?”

“ಇರಬಹುದು. ಎಷ್ಟು ಅಂತ ಗೊತ್ತಿಲ್ಲ. ಧೂಳು ತುಂಬಿಸೋವಾಗ ನಮ್ಮ ಹೆಂಗಸರೂ ಅದೇ ಕೈಗವಸು ಹಾಕ್ಕೊಂಡಿದ್ರು. ಎಲ್ಲಾ ಮೊದಲಿಂದ ಮಾಡ್ಬೇಕು.”

“ತಲೆ ನೆಟ್ಟಗಿದ್ಯಾ ನಿಂಗೆ? ವಿಚಾರಣೆ ತಲೆ ಮೇಲಿದೆ! ಕಾರ್ಖಾನೆಯವರು ಇಷ್ಟು ವರ್ಷ ಸುಳ್ಳು ಹೇಳಿ ಹೊಟ್ಟೆ ಬೆಳೆಸ್ಕೊಂಡ್ರು. ನಾವು ಒಂದು ದಿನ ಬಾಯಿ ಮುಚ್ಕೊಂಡಿದ್ರೆ ಆಕಾಶ ಬೀಳುತ್ತಾ?”

“ಅವರ ಸುಳ್ಳು ಸಿಕ್ಕಿಬಿದ್ರೆ ಹೊಸ ವಕೀಲನ್ನ ಕರೆಸ್ತಾರೆ. ನಮ್ಮದು ಸಿಕ್ಕಿಬಿದ್ರೆ ಅಮ್ಮ ಸಾಯೋವರೆಗೂ ಕೊಳಕಿ.”

ಅಕ್ಕನ ಹೆಸರೆತ್ತಿದರೆ ಚಿಕ್ಕಮ್ಮನ ಸಿಟ್ಟು ಹೊರಳುವ ದಿಕ್ಕೇ ಬೇರೆ. ಅವಳು ಅಗುಳಿ ತೆಗೆದು, “ಕೈಗವಸಿನ ವಿಷಯ ನಮ್ಮ ಹೆಂಗಸರಿಗೆ ನೀನೇ ಹೇಳು. ನನ್ನ ಕೈಲಿ ಆಗಲ್ಲ. ಅಷ್ಟು ಪ್ರೀತಿಯಿಂದ ತಂದಿದ್ರು,” ಎಂದಳು.

ಪಾಳಿ ಬಿಟ್ಟು ಬಂದ ಹೆಂಗಸರು ಮೆಟ್ಟಿಲ ತುಂಬ ಕೂತರು. ಗಾಜಕ್ಕ ಸುತ್ತಿ ಬಳಸದೆ ಹೇಳಿದಳು: ಖಾಲಿ ಪರೀಕ್ಷೆ ಮಾಡದೆ ಬಿಟ್ಟದ್ದು ತನ್ನ ತಪ್ಪು, ಎಣ್ಣೆ ಬಂದದ್ದು ಕೈಗವಸಿನಿಂದ. ಕತ್ತರಿಸುವ ವಿಭಾಗದ ದಪ್ಪ ಹೆಂಗಸು, ಎಲ್ಲರೂ ‘ಬೊಂಬಾಯಿ’ ಎನ್ನುವವಳು, ಹಣೆ ಚಚ್ಚಿಕೊಂಡಳು. “ಅಯ್ಯೋ ನಮ್ಮ ಕೈಗಿಷ್ಟು ಬೆಂಕಿ ಬೀಳ! ಕಳ್ಳನ್ನ ಹಿಡಿಯೋಕೆ ಕಳ್ಳನ ತಮ್ಮನ್ನೇ ಕಾವಲಿಗೆ ಇಟ್ವಲ್ಲೇ!”

ಮೊದಲು ಒಬ್ಬಳು ಕಿಸಕ್ಕೆಂದಳು. ಆಮೇಲೆ ಮೆಟ್ಟಿಲೇ ನಕ್ಕಿತು.

“ಹೊಸ ಧೂಳು ಬೇಕು,” ಎಂದಳು ಗಾಜಕ್ಕ. “ಕೈಗವಸೂ ಬೇಡ, ಬರಿಗೈಯೂ ಬೇಡ. ಗಾಜಿನ ಸೀಸೆ, ಸ್ಟೀಲ್ ಚಮಚ ನಾನು ಕಾಯಿಸಿ ಕೊಡ್ತೀನಿ.”

ಈಗ ಬೇರೊಂದು ಪೇಚು. ಇಲಾಖೆಯ ಸಾಹೇಬರು ಮನೆ ನೋಡಲು ಬಂದಾರೆಂದು ಎಲ್ಲರೂ ಮೂಲೆಮೂಲೆ ಗುಡಿಸಿ ಸಾರಿಸಿಬಿಟ್ಟಿದ್ದರು! ಕೊಳಕಿಯರೆನ್ನಿಸಿಕೊಂಡವರ ಮನೆಯಲ್ಲಿ ಚಮಚ ಧೂಳಿಗೆ ಬರಗಾಲ.

“ಬೀರು ಸರಿಸಿದ್ಯೇನೇ?” ಬೊಂಬಾಯಿ ಒಬ್ಬಳನ್ನು ಕೆಣಕಿದಳು.

“ಸರಿಸ್ದೆ ಇರ್ತೀನಾ?”

“ಹಾಗಾದ್ರೆ ನನ್ನ ಮನೆಗೆ ಬನ್ನಿ. ಮದುವೆಯಾದಾಗ ಇಟ್ಟ ಬೀರು, ನಾನಾಗಲಿ ನನ್ನ ಗಂಡನಾಗಲಿ ಅಲ್ಲಾಡಿಸಿಲ್ಲ. ಅದರ ಹಿಂದೆ ಒಂದು ಸಂಸಾರಕ್ಕಾಗೋಷ್ಟು ಧೂಳಿದೆ!”

ಇಷ್ಟು ದಿನ ಬಾಯಿಗೆ ಸೆರಗು ಹಿಡಿದು ಮುಚ್ಚಿಟ್ಟದ್ದನ್ನು ಅವಳು ಎದೆ ತಟ್ಟಿಕೊಂಡು ಸಾರಿದಳು. ಅಷ್ಟು ಸಾಕಾಯಿತು. ಫ್ಯಾನಿನ ರೆಕ್ಕೆಯ ಮೇಲೆ, ಹೊಲಿಗೆ ಯಂತ್ರದ ಅಡಿಯಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ, ಮಂಚದ ಕಾಲಿನ ಸಂದಿಯಲ್ಲಿ, ಎಲ್ಲಿ ಪೊರಕೆ ಸೋತಿತ್ತೋ ಅಲ್ಲಿಂದೆಲ್ಲ ಧೂಳು ಹೊರಟಿತು. ‘ನಮ್ಮನೇದು ಎಷ್ಟು ಕಪ್ಪಗಿದೆ ನೋಡು’ ಎಂದು ಸೀಸೆ ಎತ್ತಿ ಬೆಳಕಿಗೆ ಹಿಡಿದರು.

ಗಾಜಕ್ಕ ಕೈಗವಸು ಕಿತ್ತೊಗೆದು, ಇಕ್ಕಳದಲ್ಲೇ ಬಟ್ಟಲು ಹಿಡಿದಳು. ಮೊದಲು ಖಾಲಿ ಪರೀಕ್ಷೆ. ಗೆರೆ ನೀರಿನಂತೆ ನೆಟ್ಟಗೆ ಮಲಗಿತು. ಆಮೇಲೆ ಒಂದೊಂದೇ ಮನೆ. ಅಮ್ಮ ಸ್ಟೂಲಿನ ಮೇಲೆ ಕೂತು, ಏದುಸಿರಿನ ನಡುವೆ, “ನುಂಗೇ, ನುಂಗು,” ಎಂದು ಕೊಕ್ಕರೆಯನ್ನು ಹುರಿದುಂಬಿಸಿದಳು.

ಗುಡ್ಡ ಎದ್ದಿತು. ಹತ್ತು ಪಟ್ಟಲ್ಲ, ನಾಲ್ಕು.

“ನಾಲ್ಕೇನಾ?” ಚಿಕ್ಕಮ್ಮನ ಮುಖ ಇಳಿಯಿತು.

“ನಾಲ್ಕು, ಚಿಕ್ಕಮ್ಮ. ಆದ್ರೆ ಯಾವ ಗಂಡಸಿನ ಮಗನೂ ಅಲ್ಲಾಡಿಸೋಕಾಗದ ನಾಲ್ಕು.”

ಚಿಕ್ಕಮ್ಮ ಬಟ್ಟೆಯ ಮೇಲಿನ ಕೆಂಪು ಹತ್ತನ್ನು ಸುಣ್ಣ ಬಳಿದು ಅಳಿಸಿ ನಾಲ್ಕು ಬರೆದಳು. ಬೈಯುತ್ತಲೇ ಬರೆದಳು.

ವಿಚಾರಣೆಯ ಕೋಣೆಯಲ್ಲಿ ಮೊದಲು ಎದ್ದವಳೂ ಅವಳೇ. “ಸಾಹೇಬರೇ, ಮೊದಲು ನಾವು ಎಲ್ಲಿ ತಪ್ಪಿದ್ವಿ ಅಂತ ಹೇಳ್ತೀವಿ. ಆಮೇಲೆ ಅವರು ಹೇಳಲಿ,” ಎಂದವಳು ಕೈಗವಸಿನ ಕತೆಯನ್ನೆಲ್ಲ ಬಿಚ್ಚಿಟ್ಟಳು. ಕೆಟ್ಟ ಪರೀಕ್ಷೆ, ಸರಿಯಾದ ಪರೀಕ್ಷೆ ಎರಡರ ಗೆರೆಗಳನ್ನೂ ಗಾಜಕ್ಕ ಮೇಜಿನ ಮೇಲೆ ಪಕ್ಕಪಕ್ಕ ಹರಡಿದಳು.

ಕಾರ್ಖಾನೆಯ ವಕೀಲನಿಗೆ ಬಾಯಲ್ಲಿ ಸಕ್ಕರೆ ಬಿದ್ದಂತಾಯಿತು. “ನೋಡಿ ಸರ್, ಅವರ ಬಾಯಿಂದಲೇ ಬಂತು! ಇಂಥ ಪ್ರಯೋಗಾಲಯ ನಂಬೋದು ಹೇಗೆ?”

ಅಧಿಕಾರಿ ಕಾಗದಗಳಿಂದ ಕಣ್ಣೆತ್ತಲಿಲ್ಲ. “ನಿಮ್ಮ ವರದಿಯಲ್ಲಿ ಕಾರ್ಖಾನೆ ಒಳಗಿನ ಧೂಳಲ್ಲಿ ಎಣ್ಣೆಯೇ ಇಲ್ಲ ಅಂತಿದೆ. ಖಾಲಿ ಪರೀಕ್ಷೆ ಎಲ್ಲಿ? ಇವರ ಹಾಗೆ ಗೆರೆ ತೋರಿಸಿ.”

ವಕೀಲ ಪಕ್ಕದಲ್ಲಿ ಕೂತ ಕಾರ್ಖಾನೆಯ ರಸಾಯನತಜ್ಞನನ್ನು ನೋಡಿದ. ನರೆಗೂದಲಿನ ಆ ಮನುಷ್ಯ ಗಾಜಕ್ಕನ ಎರಡು ಗೆರೆಗಳನ್ನೇ ಬಹಳ ಹೊತ್ತಿನಿಂದ ನೋಡುತ್ತಿದ್ದ. “ಖಾಲಿ ಪರೀಕ್ಷೆ ಇಲ್ಲ, ಸರ್,” ಎಂದ. “ಒಳಗಿನ ಧೂಳನ್ನೂ ತೆಗೆದಿಲ್ಲ. ಆಫೀಸಿನ ಕೋಣೆಯದು ಮಾತ್ರ ತೆಗೆದುಕೊಳ್ಳಿ ಅಂದ್ರು.”

“ಯಾರು ಅಂದ್ರು?”

ರಸಾಯನತಜ್ಞನ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಅಲ್ಲಿ ಕಾರ್ಖಾನೆಯ ಮಾಲೀಕನ ಮಗ ಕುರ್ಚಿಯಲ್ಲಿ ಹೊರಳುತ್ತಿದ್ದ.

ಆದೇಶ ಅಲ್ಲೇ ಆಯಿತು. ಉರುಳೆಗಳ ಕೆಳಗಿನ ಧೂಳನ್ನು ಎರಡೂ ಕಡೆಯವರು ಜೊತೆಗೆ ನಿಂತು ತೆಗೆಯಬೇಕು. ಅರ್ಧ ಅವರ ಪ್ರಯೋಗಾಲಯಕ್ಕೆ, ಅರ್ಧ ಸಂಘದ್ದಕ್ಕೆ. ಎರಡರಲ್ಲೂ ಖಾಲಿ ಪರೀಕ್ಷೆ ಕಡ್ಡಾಯ. ಗೆದ್ದೆವೆಂದು ಯಾರೂ ಕೂಗಲಿಲ್ಲ. ಗೆಲ್ಲುವುದು ಇನ್ನೂ ಬಾಕಿಯಿತ್ತು. ಆದರೆ ಮೆಟ್ಟಿಲಿಳಿಯುವಾಗ ಆ ಹೆಂಗಸರ ನಡಿಗೆಯನ್ನು ನೋಡಿದವರು ದಾರಿ ಬಿಟ್ಟರು.

ಮರುದಿನ ಬೆಳಿಗ್ಗೆ ಸೀಸೆಗಳ ಪೆಟ್ಟಿಗೆ ಹೊತ್ತು ಗಾಜಕ್ಕ ಕಾರ್ಖಾನೆಯ ಗೇಟಿಗೆ ಬಂದಳು. ಸಂಘದ ಪರವಾಗಿ ನಿಲ್ಲಲು ಅಮ್ಮನನ್ನೇ ಆರಿಸಿದ್ದರು. ಅಮ್ಮ ತೊಳೆದ ಸೀರೆಯುಟ್ಟು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಬಂದಳು. ಮಗಳ ಕೈ ಹಿಡಿಯಲು ಒಪ್ಪಲಿಲ್ಲ.

ಹೊಸ ಕಾವಲುಗಾರ ಅಡ್ಡ ನಿಂತ. “ಯಾರಮ್ಮ ನೀವು? ಎಲ್ಲಿಂದ?”

“ಪ್ರಯೋಗಾಲಯದಿಂದ,” ಎಂದಳು ಗಾಜಕ್ಕ.

“ಸಂಘದ ಪ್ರಯೋಗಾಲಯದಿಂದ,” ಎಂದಳು ಅಮ್ಮ. “ಪೂರ್ತಿ ಹೇಳೇ. ಬಾಯಿ ನೋಯುತ್ತಾ?”