ದೇವರ ಮರಿ ಕಡಿದ ವಾಯರ್

ನಮ್ಮ ಮನೆಯಲ್ಲಿ ಯಾರು ಬೇಕಾದರೂ ಬೈಸಿಕೊಳ್ಳಬಹುದು, ಆ ಟಗರಿನ ಮರಿಯೊಂದನ್ನು ಬಿಟ್ಟು. ಹುಟ್ಟಿದ ಕೆಲವೇ ದಿನಕ್ಕೆ ನಮ್ಮ ಮಾವ ಹಣಮಂತಪ್ಪ ಅದರ ಹಣೆಗೆ ಭಂಡಾರದ ಅರಿಶಿನ ಹಚ್ಚಿ ಕುರಿ ಕಾಯುವ ದೇವರು ಬೀರೋಬಾನ ಹೆಸರಿಗೆ ಬಿಟ್ಟಿದ್ದರು. ದೇವರಿಗೆ ಬಿಟ್ಟ ಮರಿಯನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಅದು ಅಡುಗೆಮನೆಗೆ ನುಗ್ಗಿ ಜೋಳದ ಹಿಟ್ಟು ತಿಂದರೂ ಕೈಮುಗಿಯಬೇಕು. ನಾನೂ ಮುಗಿಯುತ್ತಿದ್ದೆ, ಹಲ್ಲು ಕಡಿಯುತ್ತ.

ಅಂಥ ಮರಿ ಒಂದು ಮುಂಜಾನೆ ನನ್ನ ಎಲೆಕ್ಟ್ರಿಕ್ ಸೈಕಲ್ಲಿನ ವಾಯರ್ ಕಡಿದು ಹಾಕಿತು.

ವಾಗದರಿ ರಸ್ತೆಯ ಮೇಲಿನ ನಮ್ಮ ವಸ್ತಿಗೆ, ಅಂದರೆ ಹೊಲದ ಮನೆಗೆ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸೈಕಲ್ಲು ಇದೆ ಎಂದೇ ಅಕ್ಕಲಕೋಟದ ಔಷಧದ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮಾವನಿಗೋ ಮೊದಲಿನಿಂದಲೂ ಬ್ಯಾಟರಿ ಎಂದರೆ ಭಯ. ಒಣಮೇವಿನ ಕಣಕಿಯ ಬಣವೆ, ಕುರಿಹಟ್ಟಿ, ಮನೆ ಎಲ್ಲ ಒಂದಕ್ಕೊಂದು ಹತ್ತಿಕೊಂಡೇ ಇವೆ. "ಒಂದ ಕಿಡಿ ಕಂಡ್ರೂ ಮಾರಿಬಿಡತೀನಿ ನೋಡವಾ," ಎಂದು ತಂದ ದಿನವೇ ಹೇಳಿದ್ದರು. ಸೈಕಲ್ಲು ಹೋದರೆ ನನ್ನ ಕೆಲಸವೂ ಹೋದಂತೆಯೇ.

ಬ್ಯಾಟರಿಯಿಂದ ಹೊರಬರುವ ಕೆಂಪು, ಕಪ್ಪು ವಾಯರುಗಳ ಸಿಪ್ಪೆ ಹೋಗಿ ತಾಮ್ರ ಕಾಣುತ್ತಿತ್ತು. ನನ್ನ ಗಂಡ ಅಂಬಾದಾಸ ಹರಿದ ಚಪ್ಪಲಿಯಿಂದ ಹಿಡಿದು ನೀರಿನ ಪೈಪಿನವರೆಗೆ ಎಲ್ಲಕ್ಕೂ ಏನಾದರೂ ಸುತ್ತಿಯೇ ರಿಪೇರಿ ಮಾಡುವ ಮನುಷ್ಯ. "ಇಷ್ಟಕ್ಕ ಯಾಕ ಮುಖ ಸಣ್ಣ ಮಾಡತಿ? ಟೇಪ್ ಸುತ್ತಿದ್ರ ಆತು," ಎಂದವನೇ ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದ. ತಾಮ್ರಕ್ಕೆ ತಾಮ್ರ ತಾಗಿ ಚಟ್ಟನೆ ಕಿಡಿ ಹಾರಿತು. ಬಾಗಿಲಲ್ಲೇ ನಿಂತಿದ್ದ ಮಾವ ಅದನ್ನು ನೋಡಿದರು.

"ನಾಳಿಗೇ ಗಿರಾಕಿ ನೋಡ್ರಿ," ಎಂದರು.

ಗಂಡನ ಮೇಲಿನ ಸಿಟ್ಟಿಗೆ ನನಗೆ ಅಳುವೇ ಬಂತು. ಸೈಕಲ್ಲು ಕೊಂಡಿದ್ದ ಸೊಲ್ಲಾಪುರದ ಅಂಗಡಿಗೆ ಫೋನ್ ಹಚ್ಚಿದೆ. ಅಲ್ಲಿ ರಿಪೇರಿ ಮಾಡುವವಳು ಅಂಗಡಿಯವರ ಸೊಸೆ ಮಯೂರಿ. ಮಾವನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಚಾರ್ಜಿಗೆ ಹಚ್ಚಲೇಬ್ಯಾಡ್ರಿ," ಎಂದಳು ಮಯೂರಿ. "ಬ್ಯಾಟರಿ ಬಿಸಿ ಆಗೇದೇನು, ಉಬ್ಬೇದೇನು, ವಾಸನಿ ಬರತದೇನು ನೋಡ್ರಿ. ಹಂಗಿದ್ರ ಹತ್ತರ ಹೋಗಬ್ಯಾಡ್ರಿ. ಇಲ್ಲಂದ್ರ ಒಣ ಕೈಲೆ ಒಂದೊಂದೇ ವಾಯರಿಗೆ ಬ್ಯಾರೆ ಬ್ಯಾರೆ ಟೇಪ್ ಸುತ್ತಿ, ಬ್ಯಾಟರಿ ಬಿಚ್ಚಿ, ಮನಿ-ಕಣಕಿ ಬಿಟ್ಟು ದೂರ ಬಯಲಾಗ ಇಡ್ರಿ."

"ಬ್ಯಾನಿ ಬಿದ್ದ ಕುರೀನ ಹಟ್ಟಿ ಹೊರಗ ಇಡತೀವಲ್ಲ, ಹಂಗನ," ಎಂದು ಮಾವ ತಮ್ಮಷ್ಟಕ್ಕೇ ಗೊಣಗಿದರು. ಬ್ಯಾಟರಿ ತಣ್ಣಗೇ ಇತ್ತು. ನಾನು ಟೇಪ್ ಸುತ್ತಿ ಬಿಚ್ಚಿಕೊಟ್ಟ ಮೇಲೆ ಮಾವ ಅದನ್ನು ಬಯಲಿನ ಬಂಡೆಯ ಮೇಲೆ ತಾವೇ ಇಟ್ಟು, ಬಡಿಗೆ ಹಿಡಿದು ದೂರದಲ್ಲಿ ಕಾಯುತ್ತ ಕೂತರು.

ಮರುದಿನ ಕಬ್ಬಿಣದ ಬುಟ್ಟಿಯಲ್ಲಿ ಒಣ ಉಸುಕು ಹಾಕಿ, ಅದರಲ್ಲಿ ಬ್ಯಾಟರಿ ಇಟ್ಟು, ಉಳ್ಳಾಗಡ್ಡಿ ಸಾಗಿಸುವ ತೆರೆದ ಟೆಂಪೋದಲ್ಲಿ ಸೊಲ್ಲಾಪುರಕ್ಕೆ ಹೊರಟೆವು. ಸೈಕಲ್ಲೂ ಜೊತೆಗೆ, ಮಾವನೂ ಜೊತೆಗೆ. ಮನಸ್ಸಿಗೆ ಬರದಿದ್ದರೆ ಅಲ್ಲೇ ಮಾರಿ ಬರುವುದು ಅವರ ಲೆಕ್ಕಾಚಾರ.

ಮಯೂರಿ ಬಳೆ, ಉಂಗುರ ತೆಗೆದಿಟ್ಟು, ಮಂಗಳಸೂತ್ರವನ್ನು ಕುಪ್ಪಸದೊಳಗೆ ಸೇರಿಸಿ, ಕನ್ನಡಕ, ಕೈಗವಸು ಹಾಕಿಕೊಂಡಳು. ಬ್ಯಾಟರಿಯ ಪೆಟ್ಟಿಗೆಯನ್ನು ಎಲ್ಲ ಕಡೆ ನೋಡಿ, ಮೀಟರ್ ಹಿಡಿದಳು. "ಕಿಡಿ ಹಾರಿದ ಕೂಡಲೆ ಫ್ಯೂಜ್ ಸುಟ್ಟೇದ. ಅದಕ್ಕ ಬಚಾವ್ ಆಗೀರಿ. ಪೆಟ್ಟಗಿ ಒಳಗ ಪೆಟ್ಟಾಗಿದ್ರ ನಾನೂ ಬಿಚ್ಚತಿದ್ದಿಲ್ಲ, ಕಂಪನಿಗೇ ಕಳಸತಿದ್ದೆ," ಎಂದಳು. ಕೆಂಪು ವಾಯರಷ್ಟನ್ನೇ ಕತ್ತರಿಸಿ, ಅಷ್ಟೇ ದಪ್ಪದ ಹೊಸ ವಾಯರ್ ಬೆಸೆದು, ಮೇಲೆ ರಬ್ಬರ್ ಕೊಳವೆ ಏರಿಸಿ ಬಿಸಿ ಗಾಳಿಯಿಂದ ಬಿಗಿ ಮಾಡಿದಳು. ಕಪ್ಪಿಗೆ ಇನ್ನೂ ಕೈ ಹಚ್ಚಿರಲಿಲ್ಲ.

"ಕರೀದು ಯಾಕ ಬಿಟ್ಟೀಯವಾ?" ಮಾವ ಕೇಳಿದರು.

"ಎರಡೂ ಒಮ್ಮಿಗೇ ಬಿಚ್ಚಿದ್ರ ತಾಕತಾವ್ರಿ ಕಾಕಾ."

"ಖರೆ. ಎರಡ ಟಗರ ಒಮ್ಮಿಗೇ ಬಿಡಬಾರದು," ಎಂದು ಮಾವ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಕಪ್ಪು ವಾಯರೂ ಮುಗಿದು, ಅದೇ ಅಳತೆಯ ಹೊಸ ಫ್ಯೂಜ್ ಬಿತ್ತು. ಮಯೂರಿ ನಮ್ಮ ಚಾರ್ಜರನ್ನೇ ಹಚ್ಚಿ, ಬ್ಯಾಟರಿ ತುಂಬುವವರೆಗೆ ನಮ್ಮನ್ನು ಎದುರಿಗೇ ಕೂರಿಸಿಕೊಂಡಳು. ನಡುನಡುವೆ ಮಾವ ಅದರ ಮೈ ಮುಟ್ಟಿ ನೋಡುತ್ತಿದ್ದರು. ಆದರೆ ಮಾರುತ್ತೇನೆ ಎನ್ನಲಿಲ್ಲ, ಇಟ್ಟುಕೊಳ್ಳೋಣ ಎಂದೂ ಅನ್ನಲಿಲ್ಲ. ಸೈಕಲ್ಲಿನ ಸಮೇತ ವಸ್ತಿಗೆ ಮರಳಿದೆವು. ನನಗೆ ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಮುಂಜಾನೆ ಎದ್ದು ನೋಡಿದರೆ ಸೈಕಲ್ಲು ಜಾಗದಲ್ಲಿಲ್ಲ. ಮಾರಿಯೇಬಿಟ್ಟರು ಎಂದುಕೊಂಡು ಬರಿಗಾಲಲ್ಲೇ ಹೊರಗೆ ಓಡಿದೆ.

ಬಣವೆಯಿಂದ ದೂರ, ಬಯಲಿನಲ್ಲಿ, ಹೊಸ ಜಾಲಿಮುಳ್ಳಿನ ಬೇಲಿ ಎದ್ದಿತ್ತು. ಒಳಗೆ ಹಾಸುಗಲ್ಲು, ಮೇಲೆ ತಗಡು, ನಡುವೆ ನನ್ನ ಸೈಕಲ್ಲು. ದೇವರ ಮರಿ ದಾರಿ ಸಿಗದೆ ಬೇಲಿಯ ಸುತ್ತ ತಿರುಗುತ್ತ ಒದರುತ್ತಿತ್ತು. ಮಾವ ಅಂಗೈಯ ಮುಳ್ಳು ತೆಗೆದುಕೊಳ್ಳುತ್ತ ಕೂತಿದ್ದರು.

"ದೇವರ ಮರೀನ ಕಟ್ಟಾಕ ಬರೂದಿಲ್ಲ," ಎಂದರು. "ಅದಕ್ಕ ನಿನ್ನ ಸೈಕಲ್ಲಿಗೇ ಹಟ್ಟಿ ಹಾಕೀನಿ. ವ್ಯಾಳ್ಯಾ ಆತು, ಕೆಲಸಕ್ಕ ಹೋಗವಾ."

ಕಣ್ಣು ಒರೆಸಿಕೊಂಡು ಸೈಕಲ್ಲು ಹೊರಗೆ ತೆಗೆದೆ. ಹೊರಡುವ ಮುಂಚೆ ಆ ಮರಿಗೆ ಕೈಮುಗಿದೆ, ಈ ಸಲ ಹಲ್ಲು ಕಡಿಯದೆ.